ಡ್ರಮ್ಮು ಬಾರಿಸಿದ ಕೈ

ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ತಾರಸಿಯ ಮೇಲೆ, ಬಟ್ಟೆ ಒಣಹಾಕುವ ತಂತಿಗೆ ನಾನು ದಿನಾ ಬೆಳಿಗ್ಗೆ ಒಂದು ಹಾಳೆ ಇಳಿಬಿಡುತ್ತಿದ್ದೆ. ಹಿಂದಿನ ದಿನದ ತೆಲುಗು ಪತ್ರಿಕೆಯ ಹಾಳೆ. ಗಾಳಿ ಬಿದ್ದಿರುವ ಹೊತ್ತು ಅದು. ಹಾಳೆ ಅಲುಗಿದರೆ ನಮ್ಮ ಮುಷ್ಟಿಯ ಗಾಳಿಗೇ ಅಲುಗಬೇಕು. ಮುಷ್ಟಿ ಒಂದು ಬೆರಳಿನ ಅಂತರದಲ್ಲಿ ನಿಲ್ಲಬೇಕು. ಹಾಳೆ ಬೆಚ್ಚಬೇಕು, ಹರಿಯಬಾರದು. ಹುಬ್ಬಳ್ಳಿಯಲ್ಲಿ ನಾನು ಕರಾಟೆ ಕಲಿತದ್ದೇ ಹಾಗೆ. ಬ್ಯಾಂಕಿನವರು ವರ್ಗ ಮಾಡಿ ವಿಶಾಖಪಟ್ಟಣಕ್ಕೆ ಕಳಿಸಿದಾಗ, ಟ್ರಂಕಿನಲ್ಲಿ ಬಿಳಿ ಅಂಗಿಯನ್ನೂ ಮೈಯಲ್ಲಿ ಆ ಅಭ್ಯಾಸವನ್ನೂ ತಂದಿದ್ದೆ.

ಇನ್ನೊಂದು ಅಭ್ಯಾಸವನ್ನೂ ತಂದಿದ್ದೆ. ನಮ್ಮ ಪದ್ಧತಿಯಲ್ಲಿ ಒಂದು ಏಟು ಸರಿಯಾಗಿ ಸಂದಿತೆಂದರೆ ರೆಫರಿ ಆಟ ನಿಲ್ಲಿಸುತ್ತಾನೆ, ಇಬ್ಬರೂ ತಮ್ಮ ತಮ್ಮ ಗೆರೆಗೆ ಮರಳುತ್ತಾರೆ. ಹುಬ್ಬಳ್ಳಿಯ ನಮ್ಮ ಗುರುಗಳು ರೆಫರಿಯ ಮಾತಿಗೂ ಕಾಯಬೇಡಿ ಎನ್ನುತ್ತಿದ್ದರು. ಏಟು ಸಂದಿದ್ದು ನಿಮಗೆ ಗೊತ್ತಿದೆ, ಎದುರಿನವನಿಗೂ ಗೊತ್ತಿದೆ. ಆಮೇಲೂ ಅವನ ಮುಖ ನೋಡುತ್ತ ನಿಲ್ಲುವುದು ಜಂಬ, ಬೆನ್ನು ತಿರುಗಿಸಿ ಗೆರೆಗೆ ನಡೆಯುವುದು ಮರ್ಯಾದೆ. ಹಾಗಾಗಿ ತಾರಸಿಯ ಮೇಲೂ ನಾವು ಹಾಳೆಗೆ ಒಂದು ಮುಷ್ಟಿ ತೋರಿಸಿ, ಬಲಕ್ಕೆ ತಿರುಗಿ, ನೀರಿನ ತೊಟ್ಟಿಯವರೆಗೆ ನಡೆದು, ಮತ್ತೆ ಬರುತ್ತಿದ್ದೆವು. ದಿನಕ್ಕೆ ನೂರು ಸಲ.

ನಾವು ಎಂದರೆ ನಾನು ಮತ್ತು ನನ್ನ ಹೆಂಡತಿಯ ತಮ್ಮ. ನನ್ನ ಅತ್ತೆ ಬಳ್ಳಾರಿಯವರು, ಮಾವ ತೆಲುಗಿನವರು, ರೈಲ್ವೆ ನೌಕರಿ. ಮಕ್ಕಳು ಹುಟ್ಟಿ ಬೆಳೆದದ್ದೆಲ್ಲ ವಿಶಾಖಪಟ್ಟಣದಲ್ಲಿ. ಬಾಮೈದನಿಗೆ ಆಗ ಇಪ್ಪತ್ತಮೂರು. ಅವನ ಕನ್ನಡ ಅಡಿಗೆಮನೆಯ ಕನ್ನಡ: ಊಟ, ನೀರು, ಅಕ್ಕ, ಭಾವ, ಅದರಾಚೆಗೆ ಹೋದರೆ ತೆಲುಗು ಬಂದು ಕೈಹಿಡಿಯುತ್ತಿತ್ತು. ನಾನು ಕಲಿಸಿದ್ದನ್ನು ಅವನು ನನಗಿಂತ ಚೆನ್ನಾಗಿ ಕಲಿತ. ಅವನ ಮುಷ್ಟಿಗೆ ಹಾಳೆ ಅಲುಗುವುದನ್ನು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. ನೀರಿನ ಮೇಲೆ ಉಸಿರು ಬಿಟ್ಟಂತೆ ನಡುವಿನಿಂದ ಅಂಚಿಗೆ ಒಂದು ಸಣ್ಣ ಅಲೆ.

ಎಂಬತ್ತರ ದಶಕದ ಕೊನೆಯಲ್ಲಿ ವಿಜಯವಾಡದಿಂದ ಒಂದು ಆಹ್ವಾನ ಬಂತು. ಅಲ್ಲಿನ ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ ಮೇಸ್ತ್ರಿಯೊಬ್ಬರು ಬೇರೆ ಪದ್ಧತಿಯ ಕರಾಟೆ ಕಲಿಸುತ್ತಿದ್ದರು. ಅವರ ಹುಡುಗರಿಗೂ ನಮ್ಮ ಊರಿನವರಿಗೂ ಒಂದು ದಿನದ ಸ್ಪರ್ಧೆ. ಗೆದ್ದವನು ಮದರಾಸಿನಲ್ಲಿ ನಡೆಯುವ ದೊಡ್ಡ ಸ್ಪರ್ಧೆಗೆ ಹೋಗುತ್ತಾನೆ. ಬಾಮೈದ ಆ ಪತ್ರವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ತಿರುಗಾಡಿದ. ಅದುವರೆಗೆ ಅವನು ಯಾವುದರಲ್ಲೂ ಗೆದ್ದವನಲ್ಲ. ಡಿಗ್ರಿ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಫೇಲಾಗಿದ್ದ. ಮದರಾಸು ಎಂದರೆ ಅವನ ಮುಖದಲ್ಲಿ ಬೆಳಕು ಬರುತ್ತಿತ್ತು.

ನಿಯಮ ಮಾತಾಡಲು ನಾನು ಒಂದು ತಿಂಗಳ ಮೊದಲೇ ಹೋದೆ. ಭಾನುವಾರ, ವರ್ಕ್‌ಶಾಪುಗಳಿಗೆಲ್ಲ ರಜೆ. ಅಂಗಳದಲ್ಲಿ ಬಣ್ಣ ಕಾಣದ ಲಾರಿಗಳ ಅಸ್ಥಿಪಂಜರಗಳು ನಿಂತಿದ್ದವು. ಬೇವಿನ ಕೊಂಬೆಗೆ ಲಾರಿ ಟೈರು ಕಟ್ಟಿ ಹುಡುಗರು ಅದನ್ನು ಮೊಳಕಾಲ ಕೆಳಗಿನ ಎಲುಬಿನಿಂದ ಒದೆಯುತ್ತಿದ್ದರು. ಟೈರು ದೂರ ಹೋಗಿ ಮರಳಿ ಬರುವಷ್ಟರಲ್ಲಿ ಮತ್ತೊಂದು ಒದೆತ. ಅಲ್ಲಿ ಯಾರೂ ತಿರುಗಿ ನಡೆಯುತ್ತಿರಲಿಲ್ಲ. ನಡೆದರೆ ಟೈರು ಬಂದು ಬೆನ್ನಿಗೆ ಬಡಿಯುತ್ತಿತ್ತು. ನಾನು ಅದನ್ನು ನೋಡಿದೆ. ನೋಡಿ ನಕ್ಕೆ ಕೂಡ.

ನಾನು ನಮ್ಮ ಹಾಳೆಯ ವಿಷಯ ಹೇಳಿದಾಗ ಮೇಸ್ತ್ರಿ ತೆಲುಗಿನಲ್ಲಿ, "ಬ್ಯಾಂಕು ಗಾರೂ, ನಿಮ್ಮದು ಹೊಡೆಯೋದಲ್ಲ. ಹೊಡೀತೀವಿ ಅಂತ ನೋಟಿಸು ಕಳಿಸೋದು" ಎಂದರು.

"ನಿಮ್ಮದು ನೋಟಿಸೇ ಇಲ್ಲದ ಜಪ್ತಿ" ಎಂದೆ.

ಅವರು ತೊಡೆ ತಟ್ಟಿ ನಕ್ಕರು. ಆಮೇಲೆ ಚಹಾ ಕುಡಿಯುತ್ತ ಎರಡು ಪದ್ಧತಿಗಳನ್ನೂ ಬಿಚ್ಚಿ ಹರಡಿಕೊಂಡು ಕೂತೆವು. ನಮ್ಮಲ್ಲಿ ಮುಖಕ್ಕೆ ಮುಷ್ಟಿ ತೋರಿಸಬಹುದು, ತಗುಲಿಸಬಾರದು. ಅವರಲ್ಲಿ ಮುಖಕ್ಕೆ ಮುಷ್ಟಿಯೇ ಇಲ್ಲ, ಆದರೆ ತಲೆಗೆ ಪೂರ್ತಿ ಬಲದ ಒದೆತ ಉಂಟು. ನಾವು ದೂರ ನಿಂತು ಒಮ್ಮೆಗೆ ಒಳನುಗ್ಗುತ್ತೇವೆ; ಅವರು ಎದೆಗೆ ಎದೆ ತಾಗುವಷ್ಟು ಹತ್ತಿರ ನಿಂತು, ಪೆಟ್ಟು ತಿಂದುಕೊಂಡೇ ಪೆಟ್ಟು ಕೊಡುತ್ತಾರೆ. ನಮ್ಮ ಪಂದ್ಯ ಹತ್ತು ಸಲ ನಿಂತು ಹತ್ತು ಸಲ ಶುರುವಾಗುತ್ತದೆ. ಅವರದು ಒಬ್ಬ ಬೀಳುವವರೆಗೆ ಇಲ್ಲವೇ ಗಂಟೆ ಹೊಡೆಯುವವರೆಗೆ ನಿಲ್ಲುವುದಿಲ್ಲ. ಕೊನೆಗೆ ಕೂಡಿಕೆ ಮಾಡಿಕೊಂಡೆವು. ಮುಷ್ಟಿ ನಮ್ಮಂತೆ, ಒದೆತ ಅವರಂತೆ, ಎರಡಕ್ಕೂ ಅಂಕ. ಎರಡು ನಿಮಿಷದ ಪಂದ್ಯ. ಗಂಟೆಯಾಗುವವರೆಗೆ ನಿಲ್ಲುವಂತಿಲ್ಲ. ಅದನ್ನು ಬರೆದವನು ನಾನೇ. ನನ್ನ ಅಕ್ಷರ ಗುಂಡಗಿದೆ ಎಂದು ಪೆನ್ನು ನನ್ನ ಕೈಗೇ ಬಂದಿತ್ತು. ರೆಫರಿ ಅವರ ಕಡೆಯವರು, ಸಮಯ ನೋಡಿ ಗಂಟೆ ಹೊಡೆಯುವವನು ನಮ್ಮ ಕಡೆಯಿಂದ ನಾನು ಎಂದೂ ಒಪ್ಪಿಕೊಂಡೆವು. "ಬ್ಯಾಂಕಿನವರು, ಸೆಕೆಂಡೂ ಬಿಡೋದಿಲ್ಲ" ಎಂದರು ಮೇಸ್ತ್ರಿ. ಗಂಟೆ ಎಂದರೆ ಲಾರಿಯ ಹಳೆಯ ಬ್ರೇಕ್ ಡ್ರಮ್ಮು. ಸರಪಳಿಯಿಂದ ತೂಗಿಬಿಟ್ಟು ಕಬ್ಬಿಣದ ಸರಳಿನಿಂದ ಹೊಡೆಯಬೇಕು. ಒಮ್ಮೆ ಹೊಡೆದು ತೋರಿಸಿದರು. ಸದ್ದು ಅಂಗಳ ತುಂಬಿ ತಗಡಿನ ಮಾಡಿಗೆ ಹತ್ತಿ ತುಂಬ ಹೊತ್ತು ಇಳಿಯಲಿಲ್ಲ.

ಮನೆಗೆ ಬಂದು ಬಾಮೈದನಿಗೆ ನಿಯಮವನ್ನು ಓದಿ ಹೇಳಿದೆ. ಅವನು ತಲೆಯಾಡಿಸಿದ. ಸೈಕಲ್ ಟೈರು ಕಟ್ಟಿ ಒದೆತ ಅಭ್ಯಾಸ ಮಾಡಿಸಿದೆ, ಪೆಟ್ಟು ತಿನ್ನುವುದನ್ನೂ ಅಭ್ಯಾಸ ಮಾಡಿಸಿದೆ. ಆದರೆ ಹಾಳೆಯ ಅಭ್ಯಾಸವನ್ನು ನಾನು ಬದಲಿಸಲಿಲ್ಲ. ಮುಷ್ಟಿ, ಅಲೆ, ಬಲಕ್ಕೆ ತಿರುಗು, ನೀರಿನ ತೊಟ್ಟಿ. ನಿಲ್ಲುವಂತಿಲ್ಲ ಎಂದು ನನ್ನ ಕೈಯಾರೆ ಬರೆದವನು, ದಿನಾ ನೂರು ಸಲ ಅವನನ್ನು ನಿಲ್ಲಿಸಿ ತಿರುಗಿಸುತ್ತಿದ್ದೆ. ನನಗೆ ಹೊಳೆಯಲೇ ಇಲ್ಲ. ತಿರುಗುವುದು ನನಗೆ ಹೊಡೆತದ ಭಾಗವಾಗಿ ಕಾಣುತ್ತಿರಲಿಲ್ಲ. ನಡೆದುಬರುವಾಗ ಚಪ್ಪಲಿ ಬಿಡುವ ಹಾಗೆ, ಅದು ಸುಮ್ಮನೆ ನಡತೆ.

ಹೊರಡುವ ದಿನ ಹೆಂಡತಿ ಬುತ್ತಿ ಕಟ್ಟಿಕೊಡುತ್ತ, "ರೀ, ಹೇಗೆ ಕರಕೊಂಡು ಹೋಗ್ತೀರೋ ಹಾಗೇ ಕರಕೊಂಡು ಬನ್ನಿ" ಎಂದಳು.

"ಅಕ್ಕಾ, ನಾನೇನು ಉಪ್ಪಿನಕಾಯಿ ಜಾಡಿಯಾ?" ಎಂದ ತಮ್ಮ.

ಆ ಭಾನುವಾರ ಅಂಗಳದಲ್ಲಿ ಮರದ ಹೊಟ್ಟಿನ ಮೂಟೆಗಳನ್ನು ಹಾಸಿ ಮೇಲೆ ಟಾರ್ಪಾಲು ಎಳೆದು ಕಟ್ಟಿದ್ದರು. ಡೀಸೆಲ್ಲು, ಹೊಸ ಬಣ್ಣ, ಬೇವಿನ ಹೂವು ಸೇರಿದ ವಾಸನೆ. ಬಿಸಿಲಿಗೆ ಎಲ್ಲವೂ ತುಸು ಕರಗಿದಂತೆ ಕಾಣುತ್ತಿತ್ತು. ಬಾಮೈದ ಎರಡು ಪಂದ್ಯ ಗೆದ್ದ. ಅಲ್ಲಿ ಅವನು ಗೆದ್ದದ್ದು ಒದೆತದಿಂದ, ಆದ್ದರಿಂದ ನಡುವೆ ಎಲ್ಲಿಯೂ ತಿರುಗಲಿಲ್ಲ. ಕೊನೆಯದು ಒಬ್ಬ ವೆಲ್ಡರ್ ಜೊತೆ. ತೆಳ್ಳಗಿನ, ಮಾತಾಡದ ಯುವಕ. ಮುಂಗೈಯಲ್ಲಿ ಕಿಡಿ ಹಾರಿ ಸುಟ್ಟ ಸಣ್ಣ ಚುಕ್ಕೆಗಳಿದ್ದವು.

ಇನ್ನು ಮುಂದಿನದನ್ನು ನಾನು ಕಂಡ ಕ್ರಮದಲ್ಲೇ ಹೇಳುತ್ತೇನೆ. ನನ್ನ ಎಡಗೈಯಲ್ಲಿ ಸ್ಟಾಪ್‌ವಾಚು, ಬಲಗೈಯಲ್ಲಿ ಸರಳು. ಅಂಕ ಸಮ. ಒಂದು ನಿಮಿಷ ನಲವತ್ತು ಸೆಕೆಂಡು ದಾಟಿತ್ತು. ವೆಲ್ಡರ್ ಹತ್ತಿರ ಬಂದ. ಬಾಮೈದ ಅರ್ಧ ಹೆಜ್ಜೆ ಹಿಂದೆ ಸರಿದು, ಒಳನುಗ್ಗಿ, ಮುಷ್ಟಿಯನ್ನು ಅವನ ಮೂಗಿನ ಮುಂದೆ ಒಂದು ಬೆರಳಿನ ಅಂತರದಲ್ಲಿ ನಿಲ್ಲಿಸಿದ. ಅಷ್ಟು ಶುದ್ಧವಾದ ಏಟನ್ನು ನಾನು ಮತ್ತೆ ನೋಡಿಲ್ಲ. ವೆಲ್ಡರ್‌ನ ಹಣೆಯ ಕೂದಲು ಅಲುಗಿತು. ನನ್ನ ಎದೆಯೊಳಗೆ ಯಾರೋ ಹಾಳೆ ಅಲುಗಿತು ಎಂದರು. ಬಾಮೈದ ಕೈ ಇಳಿಸಿದ. ಬಲಕ್ಕೆ ತಿರುಗಿದ. ನೀರಿನ ತೊಟ್ಟಿಯ ಕಡೆ ಹೊರಟವನಂತೆ ಒಂದು ಹೆಜ್ಜೆ ಇಟ್ಟ. ಅವನ ಮುಖದಲ್ಲಿ ಮದರಾಸು ಇತ್ತು.

ವೆಲ್ಡರ್‌ನ ಬಲಗಾಲು ಎದ್ದದ್ದು ಕಂಡಿತು. ಟೈರು ಮರಳಿ ಬರುತ್ತಿದೆ, ಒದೆಯಬೇಕು. ಅವನಿಗೆ ಗೊತ್ತಿದ್ದದ್ದು ಅಷ್ಟೇ. ನನ್ನ ಕೈ ತಾನಾಗಿ ಎದ್ದು ಡ್ರಮ್ಮಿನ ಮೇಲೆ ಬಿತ್ತು. ಪಾದ ಎಡಗಿವಿಗೆ ತಗುಲಿದ್ದು ಮೊದಲು. ಸರಳು ಡ್ರಮ್ಮಿಗೆ ತಗುಲಿದ್ದು ಆಮೇಲೆ. ಎರಡರ ನಡುವೆ ಒಂದು ಬೆರಳಿನಷ್ಟು ಹೊತ್ತು.

ಬಾಮೈದ ಮೂಟೆಗಳ ಮೇಲೆ ಕುಸಿದ. ಸದ್ದು ತಗಡಿನ ಮಾಡಿನಲ್ಲಿ ಸುತ್ತುತ್ತಲೇ ಇತ್ತು. ಜನ ಎದ್ದು ನಿಂತರು. ಗಂಟೆ ಆದಮೇಲೆ ಒದ್ದ ಎಂದು ನಮ್ಮ ಕಡೆಯವರು ಕೂಗಿದರು. ಅವರ ಕಡೆಯವರಲ್ಲೂ ಕೆಲವರು ಹೌದೆಂದರು. ಅಷ್ಟು ದೊಡ್ಡ ಸದ್ದಿನ ಮುಂದೆ ಒದೆತದ ಸದ್ದು ಯಾರಿಗೂ ಕೇಳಿಸಿರಲಿಲ್ಲ. ಹಾಗಾಗಿದ್ದರೆ ಅದು ತಪ್ಪು ಒದೆತ. ವೆಲ್ಡರ್ ಹೊರಗೆ, ಗೆಲುವು ಬಾಮೈದನದು. ವೆಲ್ಡರ್ ಟವೆಲಿನಲ್ಲಿ ಐಸು ಸುತ್ತಿ ತಂದು ಬಿದ್ದವನ ಕಿವಿಗೆ ಹಿಡಿದು ಕೂತಿದ್ದ.

ಮೇಸ್ತ್ರಿ ನನ್ನ ಹತ್ತಿರ ಬಂದರು. "ಬ್ಯಾಂಕು ಗಾರೂ, ನೀವು ಹೇಳಿದ್ದೇ ಆಖೈರು. ಯಾವುದು ಮೊದಲು?"

ವಾಚನ್ನು ನೋಡಿದೆ. ಯಾವಾಗ ಒತ್ತಿದ್ದೆನೋ, ಮುಳ್ಳು ನಿಂತಿತ್ತು. ಒಂದು ನಿಮಿಷ ನಲವತ್ತೆಂಟು ಸೆಕೆಂಡು. ಅವರು ಕೇಳಿದ್ದಕ್ಕಿಂತ ಹೆಚ್ಚು ಹೇಳಬೇಕಾಗಿತ್ತು.

"ಒದೆತ ಮೊದಲು" ಎಂದೆ. "ಗಂಟೆ ಹೊಡೆಯಬಾರದಿತ್ತು. ಇನ್ನೂ ಹನ್ನೆರಡು ಸೆಕೆಂಡು ಇತ್ತು. ಹೆದರಿ ಹೊಡೆದೆ."

ಮೇಸ್ತ್ರಿ ನನ್ನ ಭುಜದ ಮೇಲೆ ಕೈಯಿಟ್ಟರು. ನಗಲಿಲ್ಲ. ಗೆಲುವು ವೆಲ್ಡರ್‌ನದಾಯಿತು, ಮದರಾಸೂ ಅವನದೇ.

ವಿಜಯವಾಡದ ಡಾಕ್ಟರು ಕಿವಿಯ ತಮಟೆ ಹರಿದಿದೆ, ಒಣಗುತ್ತದೆ, ಎಷ್ಟು ಕೇಳಿಸುತ್ತದೋ ಆಮೇಲೆ ನೋಡಬೇಕು ಎಂದರು. ಮರುದಿನ ಹಗಲಿನ ರೈಲಿನಲ್ಲಿ ಬಂದೆವು. ಬಾಮೈದ ಕಿವಿಗೆ ಹತ್ತಿಯಿಟ್ಟುಕೊಂಡು ಕಿಟಕಿಗೆ ಒರಗಿದ್ದ. ನಾನು ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಸ್ಥಿತಿಯಲ್ಲಿದ್ದೆ. ಹೊರಗೆ ಗದ್ದೆಗಳ ಮೇಲೆ ಬಿಳಿಯ ಹಕ್ಕಿಗಳು ಎದ್ದು ಇಳಿದಾಗ, ಯಾರೋ ದೂರದಿಂದ ಒಂದು ದೊಡ್ಡ ಹಸಿರು ಹಾಳೆಗೆ ಮುಷ್ಟಿ ತೋರಿಸಿದಂತೆ ಕಾಣುತ್ತಿತ್ತು. ಅನಕಾಪಲ್ಲಿಯಲ್ಲಿ ರೈಲು ನಿಂತಾಗ ಬೋಗಿಯೊಳಗೆಲ್ಲ ಬೆಲ್ಲದ ವಾಸನೆ ತುಂಬಿತು. ಆಗ ಅವನು ಮೊದಲ ಸಲ ಬಾಯಿಬಿಟ್ಟ.

"ಭಾವಾ, ನಾನೇ ಮೊದಲು ಹೊಡೆದೆ ಕದಾ?"

"ಹೌದು. ನೀನೇ ಮೊದಲು."

"ಹಾಗಾದ್ರೆ ಆಟ ನಿಲ್ಲಬೇಕು ಕದಾ?"

"ಅಲ್ಲಿ ನಿಲ್ಲೋ ಹಾಗಿರಲಿಲ್ಲ, ನೀನೂ ನಿಲ್ಲಬಾರದಿತ್ತು. ತಿರುಗೋದು ನಾನು ಕಲಿಸಿದ್ದು. ಬಿಡಿಸಬೇಕಿತ್ತು, ಬಿಡಿಸಲಿಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಬಲಗಿವಿ ನನ್ನ ಕಡೆಗಿತ್ತು, ಆದ್ದರಿಂದ ಕೇಳಿಸಿತ್ತು. ಆಮೇಲೆ ಕಿಟಕಿಗೆ ತಿರುಗಿದ.

ಹೆಂಡತಿ ಎಲ್ಲವನ್ನೂ ಕೇಳಿ, "ನಿಮ್ಮ ಸತ್ಯ ನನ್ನ ತಮ್ಮನ ಕಿವೀಲಿ ಗುಂಯ್ ಅಂತಿದೆ" ಎಂದಳು. ಎರಡು ದಿನ ಬಿಟ್ಟು, "ಬೇರೆ ಹೇಳಿದ್ದರೂ ಗುಂಯ್ ಅಂತಲೇ ಇರ್ತಿತ್ತು" ಎಂದು ತಟ್ಟೆಗೆ ಅನ್ನ ಬಡಿಸಿದಳು.

ತಾರಸಿಯ ತಂತಿ ಎರಡು ತಿಂಗಳು ಬರಿದಾಗಿತ್ತು. ಸರಳು ಕೈಯಲ್ಲಿದ್ದ ಭಾರ ಮಾತ್ರ ಬ್ಯಾಂಕಿನಲ್ಲಿ ಸೀಲು ಒತ್ತುವಾಗಲೂ ಬಂದುಬಿಡುತ್ತಿತ್ತು; ಕೈ ಅರ್ಧದಲ್ಲಿ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಮೇಲೆ ಹೆಜ್ಜೆಯ ಸದ್ದಾಯಿತು. ಹೋಗಿ ನೋಡಿದರೆ ಬಾಮೈದ ಹಾಳೆಗೆ ಕ್ಲಿಪ್ಪು ಹಾಕುತ್ತಿದ್ದ. ಅಡಿಗೆಮನೆಯಿಂದ ಸ್ಟೀಲು ತಟ್ಟೆಯನ್ನೂ ಸೌಟನ್ನೂ ತಂದು ತೊಟ್ಟಿಯ ಮೇಲಿಟ್ಟಿದ್ದ.

"ಭಾವಾ, ಗಂಟೆ ನೀವೇ" ಎಂದ.

ಹಾಳೆಯ ಮುಂದೆ ನಿಂತು ಮುಷ್ಟಿ ತೋರಿಸಿದ. ಅದೇ ಅಲೆ. ಅವನ ಬಲಗಾಲಿನ ಹಿಮ್ಮಡಿ ತಿರುಗಲೆಂದು ತುಸು ಎದ್ದಿತು. ಅವನು ಅದನ್ನು ನೆಲಕ್ಕೆ ಒತ್ತಿ ಹಿಡಿದ. ಎರಡೂ ಕೈ ಎತ್ತಿಕೊಂಡು ಹಾಳೆಯನ್ನೇ ನೋಡುತ್ತ ನಿಂತ. ನಾನು ವಾಚು ಒತ್ತಿ ಸೌಟು ಎತ್ತಿದೆ. ಹಾಳೆ ಅಲುಗಿ, ಅಲುಗಿ, ನಿಂತಿತು. ಹಿಮ್ಮಡಿ ಎರಡು ಸಲ ನಡುಗಿತು, ಏಳಲಿಲ್ಲ. ನಾನೂ ಕೈ ಇಳಿಸಲಿಲ್ಲ. ಹನ್ನೆರಡು ಸೆಕೆಂಡನ್ನೂ ಒಂದೊಂದಾಗಿ ಹೋಗಲು ಬಿಟ್ಟೆ, ಆಮೇಲೆ ತಟ್ಟೆಗೆ ಹೊಡೆದೆ.