ಮೂಗಿಯ ದನಿ

ನಮ್ಮ ಯಜಮಾನರ ಹೆಸರು ದ್ವಾರಕಾನಾಥ. ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಬೆಕ್ಕಿನ ಅಂಕಲ್ ಮನೆ’ ಎಂದರೆ ಆಟೊದವನು ಸೀದಾ ನಮ್ಮ ಗೇಟಿನ ಮುಂದೆ ತಂದು ನಿಲ್ಲಿಸುತ್ತಾನೆ. ಸರ್ಕಾರಿ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ, ತಗಡು ಬಡಿಯುವ ಯಂತ್ರಗಳ ಮಧ್ಯೆ ನಿಂತು ಸಂಸಾರ ಸಾಕಿದವರು ಅವರು. ಆ ಯಂತ್ರಗಳು ನಮಗೆ ಸೈಟು ಕೊಟ್ಟವು, ಮನೆ ಕಟ್ಟಿಸಿದವು, ಮಗಳು ಯಾಮಿನಿಯನ್ನು ಓದಿಸಿದವು. ಬದಲಿಗೆ ಇವರ ಎರಡು ಕಿವಿಗಳನ್ನು ತಮ್ಮಲ್ಲೇ ಇಟ್ಟುಕೊಂಡವು. ಅದರ ಬಗ್ಗೆ ಇವರಿಗೆ ಯಾವತ್ತೂ ತಕರಾರಿರಲಿಲ್ಲ. ತಕರಾರೆಲ್ಲ ನನ್ನದು. ಕಿವುಡನ ಮುಂದೆ ಶಂಖ ಊದಿದ ಹಾಗೆ ಅನ್ನುತ್ತಾರಲ್ಲ, ಆ ಶಂಖ ನಾನೇ. ಕೂಗಿ ಕೂಗಿ ನನ್ನ ಗಂಟಲು ತಗಡಿನಂತಾಗಿತ್ತು. ಫೋನಿನಲ್ಲಿ ನನ್ನ ತಂಗಿ, “ಅಕ್ಕಾ, ಯಾಕೆ ಜಗಳಕ್ಕೆ ಬರ್ತೀಯ?” ಎಂದು ಕೇಳುವಷ್ಟು.

ಬೆಕ್ಕು ಬಂದದ್ದು ಎರಡು ಸಾವಿರನೇ ಇಸವಿಯ ಸುಮಾರಿಗೆ. ಒಂದು ಸಂಜೆ ಕಂಪನಿ ಬಸ್ಸಿನಿಂದಿಳಿದು ಬಂದವರು ಊಟದ ಚೀಲವನ್ನು ನನ್ನ ಕೈಗೆ ಕೊಡದೆ ಎದೆಗೆ ಒತ್ತಿಕೊಂಡು ನಿಂತರು. ಒಳಗೆ ಟಿಫನ್ ಡಬ್ಬಿಯ ಪಕ್ಕದಲ್ಲಿ ಕಂದು ಬಿಳಿ ಮಚ್ಚೆಯ ಒಂದು ಮರಿ.

“ಸ್ಕ್ರಾಪ್ ಡಬ್ಬದಲ್ಲಿತ್ತು ಕಣೇ. ಅಷ್ಟು ಸದ್ದಲ್ಲೂ ಕಮಕ್ ಕಿಮಕ್ ಅನ್ನದೆ ಕೂತಿತ್ತು. ಪಾಪ, ಇದು ಮೂಗಿ” ಎಂದರು.

ಅವರು ಹಾಗೆನ್ನುವಾಗ ಆ ಮರಿ ಸೂರು ಹಾರಿಹೋಗುವ ಹಾಗೆ ಅರಚುತ್ತಿತ್ತು. ಯಾಮಿನಿ ಬಾಯಿಗೆ ದುಪಟ್ಟಾ ಅಡ್ಡ ಇಟ್ಟುಕೊಂಡು ಒಳಗೆ ಓಡಿದಳು. ನಾನು, “ರೀ, ಅದು ಕೂಗ್ತಾ ಇದೆ!” ಎಂದೆ.

“ಹೂಂ ಹೂಂ, ಹಾಲು ಕೊಡು” ಎಂದರು.

ಆಮೇಲೂ ಎರಡು ಮೂರು ಸಲ ಹೇಳಿದ್ದುಂಟು. ಒಂದು ಸಲ ಅಕ್ಕಿ ಮುಗಿದಿದೆ ಎಂದುಕೊಂಡು ಅಂಗಡಿಗೆ ಹೊರಟರು. ಕೊನೆಗೆ ಬಿಟ್ಟುಬಿಟ್ಟೆ. ಬೀದಿಯಲ್ಲೆಲ್ಲ ಅತಿ ಹೆಚ್ಚು ಬಾಯಿ ಮಾಡುವ ಬೆಕ್ಕಿಗೆ ಮೂಗಿ ಎಂಬ ಹೆಸರೇ ನಿಂತಿತು. ಅವಳು ಬಾಯಿ ತೆರೆದಾಗಲೆಲ್ಲ ಇವರು, “ಪಾಪ, ಬಾಯಿ ತೆರೀತಾಳೆ, ದನಿ ಬರಲ್ಲ” ಎನ್ನುತ್ತಿದ್ದರು. ಮಕ್ಕಳು ಗೇಟಿನ ಹತ್ತಿರ ಬಂದು, “ಅಂಕಲ್, ಮೂಗಿ ಏನಂದ್ಲು ಇವತ್ತು?” ಎಂದು ಕಿಚಾಯಿಸುತ್ತಿದ್ದವು. ಇವರು ಅರ್ಥವಾದವರಂತೆ ನಗುತ್ತಿದ್ದರು. ಕಿವಿ ಹೋದವರ ಅಭ್ಯಾಸವದು, ಕೇಳಿಸದಿದ್ದಕ್ಕೆಲ್ಲ ನಕ್ಕು ತಲೆಯಾಡಿಸುವುದು.

ಆದರೆ ಆ ಬೆಕ್ಕು ಇವರಿಗೆ ಮಾಡಿದ ಉಪಕಾರವನ್ನು ನಾನು ಹೇಳಲೇಬೇಕು. ಇವರು ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತ ಮೇಲೆ, ನಾನು ಭಜನೆಗೆ, ಬ್ಯಾಂಕಿಗೆ ಎಂದು ಹೊರಗೆ ಹೋದಾಗ ಮನೆ ನೋಡಿಕೊಂಡದ್ದು ಆ ಬೆಕ್ಕಿನ ಕಿವಿಗಳು. ಗೇಟು ಕಿರ್ ಎಂದರೆ ಅವಳ ಕಿವಿ ನಿಮಿರುತ್ತಿತ್ತು, ಇವರು ಎದ್ದು ಬಾಗಿಲಿಗೆ ಹೋಗುತ್ತಿದ್ದರು. ಕೊರಿಯರ್ ಬಂದರೂ, ಗ್ಯಾಸಿನವನು ಬಂದರೂ ಅವಳು ಮುಂದೆ, ಇವರು ಹಿಂದೆ. ಕುಕ್ಕರಿನ ವಿಷಲ್ ಎಂದರೆ ಅವಳಿಗೆ ಪ್ರಾಣಭಯ. ಪ್ರತಿ ವಿಷಲ್‌ಗೂ ಅಡುಗೆಮನೆಯಿಂದ ಬಾಣದಂತೆ ಹೊರಗೋಡಿ, ಸದ್ದಡಗಿದ ಮೇಲೆ ಒಲೆಯ ಬಿಸಿಗೆ ಮತ್ತೆ ಒಳಗೆ ಬರುತ್ತಿದ್ದಳು. ಇವರು ವರಾಂಡದಲ್ಲಿ ಪೇಪರ್ ಹಿಡಿದು ಕೂತು ಎಣಿಸುವುದು: ಮೂಗಿ ಮೂರು ಸಲ ಓಡಿದರೆ ಬೇಳೆ ಬೆಂದಿದೆ. ನಮ್ಮ ಮನೆಯ ಸಾರು ಹಾಗೆ ಎಷ್ಟೋ ವರ್ಷ ಸರಿಯಾಗಿ ಬೆಂದಿತು.

ಯಾಮಿನಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಪ್ಪನಿಗೆ ಕಿವಿಯ ಮೆಷಿನ್ನು ತಂದುಕೊಟ್ಟಳು. ಎರಡು ದಿನ ಒಂದೊಂದು ಗಳಿಗೆ ಹಾಕಿಕೊಂಡರು, ಆಗೆಲ್ಲ ಮೂಗಿ ಅವರ ಮಡಿಲಲ್ಲಿ ನಿದ್ದೆ. “ಸ್ಪೂನು ಬಿದ್ದರೆ ತಲೆಯೊಳಗೆ ಪ್ರೆಸ್ ಶಾಪೇ ಶುರುವಾಗುತ್ತೆ ಕಣಮ್ಮ” ಎಂದು ತೆಗೆದು ಬೀರುವಿನಲ್ಲಿಟ್ಟರು. ನಾನು ರೇಗಿದೆ, ಅತ್ತೆ, ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ. “ನಂಗೆ ಮೂಗಿ ಇದಾಳಲ್ಲ” ಎಂದು ಹಾಯಾಗಿದ್ದರು.

ಮೂಗಿಗೆ ವಯಸ್ಸಾಗಿದೆ ಎಂದು ನಮಗೆ ತಿಳಿದದ್ದು ಕುಕ್ಕರಿನಿಂದಲೇ. ಮೆಟ್ರೊ ಕಂಬಗಳ ಧೂಳಿನಲ್ಲಿ ತುಮಕೂರು ರಸ್ತೆ ಕಾಣದಂತಾಗಿದ್ದ ಕಾಲ ಅದು. ಭಜನೆ ಮುಗಿಸಿ ಬಂದೆ, ಗೇಟಿಗೇ ಕರಕಲು ವಾಸನೆ. ಒಳಗೆ ಇವರು ಕಪ್ಪಾದ ಕುಕ್ಕರ್ ಹಿಡಿದು ನಿಂತಿದ್ದರು. ಮೂಗಿ ಒಲೆಯ ಕಟ್ಟೆಯ ಕೆಳಗೆ ಸುಖವಾಗಿ ಮಲಗಿದ್ದಳು.

“ಇವಳು ಓಡಲೇ ಇಲ್ಲ ಲಕ್ಷ್ಮೀ” ಎಂದರು.

ಅವಳ ಹಿಂದೆ ನಿಂತು ಒಂದು ತಟ್ಟೆ ಬೀಳಿಸಿದರು. ಅವಳು ಕಿವಿ ಕೂಡ ಅಲ್ಲಾಡಿಸಲಿಲ್ಲ. ಇನ್ನೊಂದು ಸಲ ಬೀಳಿಸಿದರು. ಆಮೇಲೆ ಅವಳ ಪಕ್ಕ ಕೂತು, “ನನ್ನದೇ ಅಂಟಿತೇನೋ ಇವಳಿಗೆ” ಎಂದರು. ಕುಕ್ಕರ್ ಹಾಳಾದ ಸಿಟ್ಟು ನನ್ನ ಬಾಯಿವರೆಗೆ ಬಂದದ್ದು ಹಾಗೇ ಇಳಿದುಹೋಯಿತು.

ತರಕಾರಿ ಬುಟ್ಟಿಯಲ್ಲಿ ಟವೆಲ್ ಹಾಸಿ ಅವಳನ್ನು ಆಟೊದಲ್ಲಿ ಹೆಬ್ಬಾಳದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸುತ್ತ ಹಸು, ಕುರಿ, ದೊಡ್ಡ ದೊಡ್ಡ ನಾಯಿ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ನಿಧಾನವಾಗಿ ವಿವರಿಸಿದಳು. ಮೂತ್ರಪಿಂಡ ಸೋತಿದೆ. ಕಿವಿ ಹೋಗಿದೆ, ಕಣ್ಣೂ ಮಂಜು. ವಾಸಿ ಮಾಡುವುದಕ್ಕೆ ಬರುವುದಿಲ್ಲ, ಆರಾಮವಾಗಿ ಇಡುವುದಕ್ಕೆ ಬರುತ್ತದೆ. ಅಲ್ಲಲ್ಲಿ ನೀರಿಡಿ, ಮೆತ್ತಗೆ ಕಲಸಿ ಕೊಡಿ, ಬೆಚ್ಚಗಿಡಿ.

“ಕಿವಿ ಕೇಳದ ಬೆಕ್ಕುಗಳು ಜೋರಾಗಿ ಕೂಗ್ತವೆ ಅಂಕಲ್. ಎಲ್ಲಿದೀನಿ ಅಂತ ಗೊತ್ತಾಗದೆ ಗಾಬರಿ ಆಗುತ್ತೆ. ಕೂಗಿದ ತಕ್ಷಣ ಹೋಗಿ ಮುಟ್ಟಿ, ಸಾಕು. ಅದೇ ದೊಡ್ಡ ಔಷಧಿ” ಎಂದಳು.

ಇವರು ನಕ್ಕು ತಲೆಯಾಡಿಸಿದರು. ಉಳಿದದ್ದೆಲ್ಲ ಇವರು ಮಾಡಬಲ್ಲರು. ಕೂಗಿದ ತಕ್ಷಣ ಹೋಗಿ ಮುಟ್ಟುವುದೊಂದೇ ಇವರಿಂದಾಗದ ಕೆಲಸ.

ಮಾಡುವುದನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ಮೊಸರನ್ನವನ್ನು ಕೈಯಲ್ಲೇ ಕಿವುಚಿ ಬೆರಳ ತುದಿಯಿಂದ ತಿನ್ನಿಸುವುದು, ಬಟ್ಟಲು ಬಟ್ಟಲಲ್ಲಿ ನೀರು, ಮಂಚ ಹತ್ತಲು ಹಳೇ ಮಣೆಯ ಮೆಟ್ಟಿಲು. ಅವಳ ಹತ್ತಿರ ಹೋಗುವ ಮೊದಲು ಕಾಲಿನಿಂದ ನೆಲವನ್ನು ಎರಡು ಸಲ ತಟ್ಟುವುದು, ಅವಳು ಬೆಚ್ಚಬಾರದೆಂದು. ನನ್ನ ಬಾಣಂತನದಲ್ಲಿ ಒಂದು ಲೋಟ ನೀರು ಕಾಯಿಸದ ಮನುಷ್ಯ! ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ, ಇರಲಿ.

ಅವಳ ಕೂಗೂ ಜೋರಾಗುತ್ತ ಹೋಯಿತು. ಹೊತ್ತುಗೊತ್ತಿಲ್ಲದ ಕೂಗು. ನಾನು ಓಡುತ್ತಿದ್ದೆ. ಮಹಡಿಯ ರೂಮಿನಲ್ಲಿ ಬಾಡಿಗೆಗಿದ್ದವಳು ಮಹಾದೇವಿ, ಇಂಡಿ ಕಡೆಯ ಹುಡುಗಿ, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕೆಲಸ. ಅವಳ ಗಂಡನಿಗೆ ರಾತ್ರಿ ಪಾಳಿ, ಹಗಲು ನಿದ್ದೆ. ಒಂದು ದಿನ ಸಂಕೋಚಪಟ್ಟು, “ನಿಮ್ಮ ಯಜಮಾನರ ನಿದ್ದೆ ಕೆಡ್ತಿದೆ ಅಲ್ವೇನಮ್ಮ?” ಎಂದು ಕೇಳಿದೆ.

“ಅಯ್ಯ, ಇರ್ಲಿ ಬಿಡ್ರಿ ಆಂಟಿ. ವಯಸ್ಸಾದ ಜೀವ ಒದರೂದ. ನಮ್ಮ ಆಯಿನೂ ಕಡೀಕ ಹಿಂಗ ಒದರತಿದ್ಲು” ಎಂದಳು. ಬೇರೆ ಯಾರಾದರೂ ಆಗಿದ್ದರೆ ಮನೆ ಖಾಲಿ ಮಾಡುತ್ತಿದ್ದರು.

ನಾನು ಯಾಮಿನಿಯ ಮನೆಗೆ ಎಲೆಕ್ಟ್ರಾನಿಕ್ ಸಿಟಿಗೆ ಹೋದ ದಿನ ನಾನು ಹೆದರಿದ್ದೇ ಆಯಿತು. ಬಾಗಲಗುಂಟೆಯಿಂದ ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ಹಗಲಿನ ಪ್ರಯಾಣ. ಸಂಜೆ ವಾಪಸ್ ಬಂದಾಗ ವರಾಂಡದಲ್ಲಿ ಮಹಾದೇವಿ ಕೆಲಸದ ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ನಿಂತಿದ್ದಳು. ಅವಳ ಸೆರಗಿನಲ್ಲಿ ಒದ್ದೆ ಮುದ್ದೆಯಾದ ಮೂಗಿ. ಎದುರಿಗೆ ಇವರು.

“ಓಣಿ ತುದಿಗೇ ಕೇಳಸ್ತ್ರಿ ಆಂಟಿ. ಹಿತ್ತಲದಾಗ ನೀರಿನ ಡ್ರಮ್ಮಿನ ಹಿಂದ ಸಿಕ್ಕೊಂಡು ಒಂದ ಸವನ ಒದರಾಕತ್ತಿತ್ತು. ಮಧ್ಯಾಹ್ನದಿಂದ್ಲೂ ಒದರೇತಂತ, ಬಾಜೂ ಮನಿಯವ್ರು ಅಂದ್ರು.”

ಆ ಡ್ರಮ್ಮಿಗೂ ಇವರ ಕುರ್ಚಿಗೂ ನಡುವೆ ಒಂದೇ ಗೋಡೆ. ಅವಳು ಮಂಚದ ಕೆಳಗೆ ಮಲಗಿದ್ದಾಳೆಂದುಕೊಂಡು ಇವರು ಪೇಪರ್ ಓದುತ್ತ ಕೂತಿದ್ದರು.

ಮಹಾದೇವಿ ಇವರ ಕಡೆ ತಿರುಗಿ, ಬಾಯಿ ಅಗಲಿಸಿ, ಕೈಯಾಡಿಸಿ ತೋರಿಸಿದಳು: ಬೆಕ್ಕು, ಕೂಗು, ಜೋರು. ಪ್ರೆಸ್ ಶಾಪಿನವರು ಕೈಸನ್ನೆಯಲ್ಲೇ ಮಾತಾಡಿಕೊಂಡು ದುಡಿದವರು, ಸನ್ನೆ ತಪ್ಪುವ ಮಾತೇ ಇಲ್ಲ. ಆದರೂ ಇವರು, “ಮೂಗಿ ಹೇಗಮ್ಮ ಕೂಗ್ತಾಳೆ?” ಎಂದರು.

ಮಹಾದೇವಿ ನಗಲು ಹೋಗಿ, ಇವರ ಮುಖ ನೋಡಿ, ಮೂಗಿಯನ್ನು ಇವರ ಕಡೆ ಚಾಚಿದಳು. ಇವರು ನನ್ನ ಕಡೆ ತಿರುಗಿದರು.

“ಇವಳಿಗೆ ದನಿ ಇದೆಯಾ?”

ಹೌದೆಂದು ತಲೆಯಾಡಿಸಿದೆ.

“ಮೊದಲಿಂದಲೂ?”

“ಹೂಂ.”

“ನೀನ್ಯಾಕೆ ಹೇಳಲಿಲ್ಲ ಲಕ್ಷ್ಮೀ?”

“ಹೇಳಿದ್ದೆ ರೀ” ಎಂದೆ, ಅವರಿಗೆ ತುಟಿ ಕಾಣುವ ಹಾಗೆ. “ನಿಮಗೆ ಕೇಳಿಸಲಿಲ್ಲ.”

ಅವರು ಮೂಗಿಯನ್ನು ತೆಗೆದುಕೊಂಡು ಮಡಿಲಲ್ಲಿಟ್ಟು ಒರೆಸತೊಡಗಿದರು. “ಇಷ್ಟು ವರ್ಷ ಕರೀತಿದ್ಲಾ” ಎಂದರು, ಯಾರಿಗೂ ಅಲ್ಲ. ಅವರ ಅಪ್ಪ ಹೋದಾಗಲೂ ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ಮರುದಿನ ತಿಂಡಿಗೆ ಕರೆಯಲು ಹೋದರೆ ಬೀರು ತೆರೆದಿತ್ತು. ಮೆಷಿನ್ನಿನ ಬ್ಯಾಟರಿ ಸೋರಿ ಪಾಚಿ ಕಟ್ಟಿತ್ತು. ಯಾರಿಗೂ ಹೇಳದೆ ಒಬ್ಬರೇ ಬಸ್ಸು ಹತ್ತಿ ಮಲ್ಲೇಶ್ವರದ ಅಂಗಡಿಗೆ ಹೋಗಿ, ಪರೀಕ್ಷೆ ಮಾಡಿಸಿಕೊಂಡು, ಹೊಸದನ್ನೇ ಹಾಕಿಸಿಕೊಂಡು ಬಂದರು. ಮಿಕ್ಸಿ ಹಾಕಿದರೆ ಹಲ್ಲು ಕಚ್ಚಿ ಕೂರುತ್ತಿದ್ದರು, ಆದರೆ ತೆಗೆಯಲಿಲ್ಲ. ಕಟ್ಟಿಕೊಂಡ ಹೆಂಡತಿ ಗಂಟಲು ಹರಿದುಕೊಂಡರೂ ಕಿವಿಗೇರದ ಮೆಷಿನ್ನು ಬೆಕ್ಕಿಗಾಗಿ ಏರಿತು! ಯಾಮಿನಿಗೆ ಫೋನಿನಲ್ಲಿ ಹೇಳಿದರೆ ಅವಳು ನಕ್ಕು ನಕ್ಕು ಅತ್ತಳು.

ತಮಾಷೆಯೆಂದರೆ ಮೂಗಿ ಕೂಗಲೇ ಇಲ್ಲ. ಮಾರನೆಯ ದಿನ ಇವರು ಅವಳ ಮೇಲೆ ಕೈಯಿಟ್ಟುಕೊಂಡು ಬೆಳಗಿನಿಂದ ಕಾದರು. ಕೈ ಮೇಲಿದ್ದರೆ ಅವಳಿಗೆ ಕೂಗುವ ಗರಜೇನು? ಕಡೆಗೆ ನಾನೇ ಸನ್ನೆ ಮಾಡಿ ಅಡುಗೆಮನೆಗೆ ಕರೆದೆ. ಇಬ್ಬರೂ ಕಳ್ಳರಂತೆ ಒಲೆಯ ಪಕ್ಕ ನಿಂತೆವು. ಸ್ವಲ್ಪ ಹೊತ್ತಿಗೆ ವರಾಂಡದಿಂದ ಶುರುವಾಯಿತು, ಒಡೆದ ಪೀಪಿ ಊದಿದಂಥ ಉದ್ದನೆಯ ಕೂಗು.

ಇವರು ನನ್ನ ತೋಳು ಹಿಡಿದುಕೊಂಡರು. “ಅವಳಾ?”

“ಅವಳೇ.”

“ಅಯ್ಯಯ್ಯೋ, ಎಷ್ಟು ಕೆಟ್ಟ ದನಿ!” ಎಂದು ಓಡಿದರು. ಕಣ್ಣಲ್ಲಿ ನೀರು, ಬಾಯ್ತುಂಬ ನಗು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ, ಒಗ್ಗರಣೆಯ ಘಾಟಿರಬೇಕು.

ಅಲ್ಲಿಂದ ಮೂಗಿ ಕೂಗುವುದು, ಇವರು “ಬಂದೆ ಕಣಮ್ಮಾ” ಎನ್ನುವುದು. ಅವಳಿಗೆ ಅದು ಕೇಳುವುದಿಲ್ಲವೆಂದು ಗೊತ್ತಿದ್ದೂ ಅನ್ನುವರು, ಆಮೇಲೆ ಎರಡು ಸಲ ನೆಲ ತಟ್ಟುವರು, ಮುಟ್ಟುವರು. ಕೂಗು ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಅವಳನ್ನು ಎದೆಯ ಮೇಲೆ ಮಲಗಿಸಿಕೊಂಡಿದ್ದವರು ಇದ್ದಕ್ಕಿದ್ದಂತೆ ನನ್ನನ್ನು ಕರೆದರು. “ಲಕ್ಷ್ಮೀ, ಈ ಗುರುಗುರು ಇದೆಯಲ್ಲ, ಇದು ಕಿವಿಗೂ ಕೇಳಿಸುತ್ತಾ? ನಾನು ಬರೀ ಕೈಗೆ ಗೊತ್ತಾಗೋದು ಅಂದ್ಕೊಂಡಿದ್ದೆ.” ಮೋಟಾರು ಚೆನ್ನಾಗಿದೆ, ಬೇರಿಂಗ್ ಸವೆದಿಲ್ಲ ಎಂದು ಷರಾ ಬೇರೆ ಬರೆದರು.

ಅವಳು ಆ ಚಳಿಗಾಲ ದಾಟಿ ಯುಗಾದಿಯವರೆಗೂ ಇದ್ದಳು. ಅಷ್ಟು ದಿನ ಸಿಕ್ಕಿದ್ದಕ್ಕೆ ನಾನು ದೇವರಿಗೆ ಕೈ ಮುಗಿದಿದ್ದೇನೆ. ಹಬ್ಬ ಕಳೆದ ಮೇಲೆ ಊಟ ಬಿಟ್ಟಳು. ಡಾಕ್ಟರಮ್ಮ ನೋಡಿ, ನೋವಿಲ್ಲ, ಮನೆಯಲ್ಲೇ ಇರಲಿ ಎಂದಳು. ಒಂದು ಬೆಳಿಗ್ಗೆ ನಾನು ಚಟ್ನಿಗೆ ಮಿಕ್ಸಿ ಹಾಕಿದ್ದೆ. ಇವರು ಸ್ನಾನ ಮುಗಿಸಿ ಬಂದು ಮೆಷಿನ್ನು ಹಾಕಿಕೊಂಡವರು ಅಡುಗೆಮನೆಯ ಬಾಗಿಲಿಗೆ ಬಂದು ಸ್ವಿಚ್ ಆರಿಸಿದರು.

“ಕರೀತಿದಾಳೆ. ಬಾ” ಎಂದರು.

ನನಗೆ ಕೇಳಿಸಿರಲಿಲ್ಲ. ಇವರಿಗೆ ಕೇಳಿಸಿತ್ತು. ಹೋಗಿ ನೋಡಿದರೆ ವರಾಂಡದ ಬಿಸಿಲಲ್ಲಿ ಮೂಗಿ ತಲೆಯೆತ್ತಲು ನೋಡುತ್ತಿದ್ದಳು. ಕೂಗು ಈಗ ದಾರದಷ್ಟು. ಇವರು ನೆಲ ತಟ್ಟಿ, ಪಕ್ಕ ಕೂತು, ಮುಟ್ಟಿದರು. ನಾನೂ ಮುಟ್ಟಿದೆ. ಅವಳು ಸುಮ್ಮನಾದಳು, ಮೋಟಾರು ಸ್ವಲ್ಪ ಹೊತ್ತು ಓಡಿತು, ನಿಂತಿತು. ಇವರು ಬಗ್ಗಿ ಕಿವಿಯಿಟ್ಟು ಇನ್ನೂ ಬಹಳ ಹೊತ್ತು ಕೇಳಿಸಿಕೊಂಡರು.

ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಮಹಾದೇವಿ ಮೇಲಿನಿಂದ ಹೂವು ತಂದು ಹಾಕಿದಳು. ಆ ಸಂಜೆ ಇವರು ಮೆಷಿನ್ನು ತೆಗೆದು ಡಬ್ಬಿಗೆ ಹಾಕಿ ಮೇಜಿನ ಮೇಲಿಟ್ಟದ್ದನ್ನು ನೋಡಿದೆ. ಮುಗಿಯಿತು ಎಂದುಕೊಂಡೆ. ಕರೆಯುವವಳು ಹೋದಳು, ಇನ್ನು ಅದು ಬೀರುವಿಗೆ. ಅವಳಿಗಾಗಿ ಅತ್ತದ್ದು ಬೇರೆ. ಆಮೇಲೆ ಮಲಗಿದ್ದಾಗ ನನಗಾಗಿಯೂ ಒಂದಿಷ್ಟು ಅತ್ತೆ, ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ಎದ್ದು ಎಂದಿನಂತೆ ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಎಂದಿನಂತೆ ಉಸಿರು ಕಟ್ಟಿ ಕೂಗಿದೆ: “ರೀ! ಕಾಫೀ!”

ವರಾಂಡದಿಂದ ಪೇಪರ್ ಮಡಿಸಿದ ಸದ್ದು ಬಂತು. “ಯಾಕೆ ಕಣೇ ಹಾಗೆ ಕಿರಚ್ತೀಯ? ಮೆತ್ತಗೆ ಕರಿ. ಕೇಳಿಸುತ್ತೆ.”

ನಾನು ಲೋಟ ಹಿಡಿದು ನಿಂತುಬಿಟ್ಟೆ. ಮೆತ್ತಗೆ ಕರೆಯುವ ದನಿಯನ್ನು ಎಲ್ಲಿಟ್ಟಿದ್ದೆನೋ ನೆನಪಾಗಲಿಲ್ಲ. ಹುಡುಕಿ ತೆಗೆಯಲು ಒಂದು ಗಳಿಗೆ ಹಿಡಿಯಿತು.

“ಬನ್ನಿ” ಎಂದೆ, ನನಗೇ ಕೇಳಿಸುವಷ್ಟು.

ಎದ್ದು ಬಂದರು.