ಅಳಿಸುವ ಗುಂಡಿ

ಕ್ಷೌರದ ಕುರ್ಚಿಯಲ್ಲಿ ಕೂತು ಕೇಳಿದ ಸುದ್ದಿಗೆ ಯಾರೂ ಎದುರು ಮಾತಾಡುವುದಿಲ್ಲ ಎಂಬುದನ್ನು ನೀವೂ ಗಮನಿಸಿರಬಹುದು. ಹೋಟೆಲಿನಲ್ಲಿ ಪೇಪರು ಓದಿದರೆ ನಾಲ್ಕು ಜನ ನಾಲ್ಕು ಥರ ವಾದಿಸುತ್ತಾರೆ. ಬಸ್ಸಿನಲ್ಲಿ ಓದಿದರೆ ಪಕ್ಕದವರು ಅರ್ಧ ಹಾಳೆ ಕಿತ್ತುಕೊಂಡು ತಮ್ಮ ಅಭಿಪ್ರಾಯವನ್ನೂ ಸೇರಿಸುತ್ತಾರೆ. ಆದರೆ ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಮಂಜಪ್ಪನ ಅಂಗಡಿಯಲ್ಲಿ, ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದು, ಗಲ್ಲಕ್ಕೆ ನೊರೆ ಬಳಿದು, ಕತ್ತಿ ಗಂಟಲಿನ ಹತ್ತಿರ ಬಂದಿರುವಾಗ, ಜಗತ್ತಿನ ಯಾವ ಸುದ್ದಿಯಾದರೂ ಸತ್ಯವೇ. ಎಂಬತ್ತರ ದಶಕದ ನಡುವೆ ಒಂದು ಭಾನುವಾರ ಹಾಗೆ ಗಂಟಲೊಡ್ಡಿ ಕೂತಿದ್ದಾಗಲೇ ಕಂಪ್ಯೂಟರ್ ಎಂಬ ಶಬ್ದ ನನ್ನ ಕಿವಿಗೆ ಮೊದಲ ಸಲ ಸರಿಯಾಗಿ ಬಿದ್ದದ್ದು.

ಪೇಪರು ಓದುತ್ತಿದ್ದವರು ನಮ್ಮ ಆಫೀಸಿನ ಹೆಡ್‌ಕ್ಲಾರ್ಕ್ ನಾಡಿಗರು. ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ತಂದು, "ನೂರು ಗುಮಾಸ್ತರ ಕೆಲಸ ಇದು ಒಂದೇ ಮಾಡ್ತದಂತೆ" ಎಂದು ಘೋಷಿಸಿದರು.

"ನಡುವೆ ಕಾಫಿಗೆ ಎದ್ದು ಹೋಗ್ತದಾ?" ಮಂಜಪ್ಪ ಕೇಳಿದ.

"ಇಲ್ವಂತೆ."

"ಹಂಗಾರೆ ಸರ್ಕಾರಿ ಆಫೀಸಿಗೆ ಆಗಿಬರಲ್ಲ ಬಿಡಿ."

"ನಗಬೇಡ ಮಾರಾಯ. ನಾಳೆ ಗಡ್ಡನೂ ಅದೇ ಹೆರೀತದೆ, ನೋಡ್ತಿರು."

"ಹೆರೀಲಿ. ಮಿಷನ್ನಿಗೆ ಕುತ್ತಿಗೆ ಕೊಡೋ ಗಂಡಸು ಈ ತಾಲ್ಲೂಕಲ್ಲಿ ಹುಟ್ಟಿಲ್ಲ. ನಂಗೆ ಎಂತದೂ ಆಗಲ್ಲ. ಪಾಪ, ಈ ಹೂವಪ್ಪಂದೇ ಕಷ್ಟ. ಬೆಳಗಾಗೆದ್ದು ಟಪಟಪ ಕಲಿಯಕ್ಕೆ ಹೋಗ್ತಾನಲ್ಲ!"

ಹೂವಪ್ಪ ಎಂದರೆ ನಾನೇ. ಪ್ರತಿಭಟಿಸಬೇಕೆಂದು ಬಾಯಿ ತೆರೆದೆ. ನೊರೆ ಒಳಗೆ ಹೋಯಿತು.

ನನ್ನ ಕಷ್ಟ ಏನೆಂದು ಸ್ವಲ್ಪ ಹೇಳಬೇಕು. ಬೇರೆ ಹುಡುಗರು ಸ್ಲೇಟು ಹಿಡಿದ ವಯಸ್ಸಿನಲ್ಲಿ ನಾನು ದನ ಕಾಯುತ್ತಿದ್ದೆ. ಅಕ್ಷರ ಕಲಿತದ್ದು ಮೀಸೆ ಮೂಡಿದ ಮೇಲೆ. ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಮುಗಿಸಿದಾಗ ಮೂವತ್ತೊಂದು ದಾಟಿತ್ತು, ಅದೂ ಗಣಿತ ಮೂರನೆಯ ಸಲಕ್ಕೆ ಕೈಗೆ ಬಂದದ್ದು. ಪರೀಕ್ಷೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದವನು ಇದೇ ನಾಡಿಗರ ಮಗ. "ಮಾಮ, ಹೆದರ್ಕಬೇಡಿ" ಎಂದು ಅವನೇ ನನಗೆ ಧೈರ್ಯ ಹೇಳಿದ್ದ. ಆಗ ನಾನು ಆಫೀಸಿನಲ್ಲಿ ಅಟೆಂಡರ್. ಫೈಲು ಹೊರುವುದು, ಗಂಟೆ ಹೊಡೆದರೆ ಒಳಗೆ ಹೋಗುವುದು ನನ್ನ ಕೆಲಸ. ನಮ್ಮ ಟೈಪಿಸ್ಟರು ಮುಂದಿನ ವರ್ಷ ನಿವೃತ್ತರಾಗುವವರಿದ್ದರು. ಇಂಗ್ಲಿಷ್ ಟೈಪಿಂಗಿನ ಜೂನಿಯರ್ ಪರೀಕ್ಷೆ ಪಾಸಾದರೆ ಆ ಕುರ್ಚಿಗೆ ನನ್ನ ಹೆಸರು ಬರೆಯುತ್ತೇನೆಂದು ಸಾಹೇಬರು ಹೇಳಿದ್ದರು. ಪರೀಕ್ಷೆಗೆ ಎರಡು ತಿಂಗಳಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ಕೂತು ಮಾಡುವ ಕೆಲಸವೊಂದು ನನ್ನ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಅಷ್ಟರಲ್ಲಿ ಈ ನೂರು ಗುಮಾಸ್ತರ ಯಂತ್ರ.

ನನಗೆ ಕಲಿಸುತ್ತಿದ್ದವರು ವಾರಿಜಮ್ಮ ಟೀಚರು. ಬಟ್ಟೆ ಅಂಗಡಿಯ ಮಹಡಿಯಲ್ಲಿ ಅವರ ಇನ್‌ಸ್ಟಿಟ್ಯೂಟ್, ಒಳಗೆ ಐದು ಮಿಷನ್ನು. ಐದಕ್ಕೂ ಒಂದೊಂದು ಕಾಯಿಲೆ: ಒಂದರ 'ಇ' ಸಾಲು ಬಿಟ್ಟು ಮೇಲಕ್ಕೆ ನೆಗೆಯುತ್ತಿತ್ತು, ಇನ್ನೊಂದರಲ್ಲಿ ಸಾಲಿನ ಕೊನೆ ತಿಳಿಸುವ ಗಂಟೆ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಕಣ್ಣು ಕೆಳಗೆ ಹೋಗದಂತೆ ಟೀಚರು ಕೀಗಳ ಮೇಲೆ ಕರಿ ಬಟ್ಟೆ ಹೊದಿಸುತ್ತಿದ್ದರು. ಬೆರಳು ತಪ್ಪಿದರೆ ಅಡಿಪಟ್ಟಿಯ ಅಂಚು ಗೆಣ್ಣಿನ ಮೇಲೆ ಬೀಳುತ್ತಿತ್ತು. ಎಂಟರ ವಯಸ್ಸಿನಲ್ಲಿ ತಿನ್ನಬೇಕಿದ್ದ ಏಟುಗಳನ್ನು ನಾನು ಮೂವತ್ತನಾಲ್ಕರಲ್ಲಿ ತಿಂದೆ. ಇದೂ ಒಂದು ಬಾಕಿ ಇತ್ತೆಂದು ಸಂತೋಷದಿಂದಲೇ ತಿಂದೆ. ಕಂದು ನರಿ ಸೋಮಾರಿ ನಾಯಿಯ ಮೇಲೆ ಹಾರುವ, ಇಪ್ಪತ್ತಾರೂ ಅಕ್ಷರಗಳಿರುವ ಆ ಪ್ರಸಿದ್ಧ ಇಂಗ್ಲಿಷ್ ವಾಕ್ಯವನ್ನು ಎಷ್ಟು ಸಲ ಹೊಡೆದೆನೆಂದರೆ, ಅದರ ಅರ್ಥವನ್ನು ಯಾರೋ ಹೇಳಿದ ದಿನ ನನಗೆ ನಾಯಿಯ ಮೇಲೇ ಸಹಾನುಭೂತಿ ಹುಟ್ಟಿತು.

ಮಂಜಪ್ಪನ ಅಂಗಡಿಯಿಂದ ಎದ್ದವನು ಒಂದು ವಾರ ಮಹಡಿ ಹತ್ತಲಿಲ್ಲ. ಎಂಟನೆಯ ದಿನ ವಾರಿಜಮ್ಮನವರೇ ಆಫೀಸಿನ ಜಗಲಿಗೆ ಬಂದು ನಿಂತರು.

"ಎಂತದಾ ಹೂವಪ್ಪ, ಜ್ವರನಾ?"

"ಇಲ್ಲ ಟೀಚರೇ. ಕಂಪ್ಯೂಟರ್ ಅಂತ ಒಂದು ಬರ್ತದಂತೆ. ಇನ್ಮೇಲೆ ಟೈಪಿಸ್ಟ್ ಬ್ಯಾಡ್ವಂತೆ."

"ಓಹೋ, ನಿಂಗೂ ಅದೇ ಜ್ವರ ತಗುಲ್ತಾ! ಇದೇ ಮಾತು ಹೇಳಿ ಮೂರು ಜನ ಬಿಟ್ರು. ಸಾಗರದ ಕಾಲೇಜಲ್ಲಿ ಪ್ರದರ್ಶನಕ್ಕೆ ಅದನ್ನ ತಂದಿಟ್ಟಿದಾರಂತೆ. ನಮ್ಮನ್ನ ಮನೆಗೆ ಕಳಿಸೋ ದೊರೆ ಮುಖ ಒಂದ್ಸಲ ನೋಡ್ಕಂಡು ಬರೋಣ ನಡಿ. ಆಮೇಲೂ ಬಿಡೋದಾದ್ರೆ ಬಿಡು."

ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದೆವು. ಬಟ್ಟೆಮಲ್ಲಪ್ಪ ಎಂಬ ಊರು ದಾಟುವವರೆಗೂ ಟೀಚರು ಕಿಟಕಿಯ ಹೊರಗೇ ನೋಡುತ್ತಿದ್ದರು. ಕೈಚೀಲದ ಮೇಲೆ ಅವರ ಹತ್ತು ಬೆರಳೂ ಸದ್ದಿಲ್ಲದೆ ಏನನ್ನೋ ಟೈಪು ಮಾಡುತ್ತಿದ್ದವು. ಅವರಿಗೂ ಹೆದರಿಕೆಯಿದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಕಾಲೇಜಿನಲ್ಲಿ ಉಳಿದ ಕೋಣೆಗಳೆಲ್ಲ ಖಾಲಿ. ಕಪ್ಪೆಯ ಎಲುಬನ್ನಾಗಲಿ, ಜ್ವಾಲಾಮುಖಿಯ ಮಾದರಿಯನ್ನಾಗಲಿ ಕೇಳುವವರಿಲ್ಲ. ಕಂಪ್ಯೂಟರಿನ ಕೋಣೆಯ ಮುಂದೆ ಮಾತ್ರ ವರದಹಳ್ಳಿಯ ಆಶ್ರಮದ ಬಾಗಿಲಿನಲ್ಲಿರುವಂತೆ ಚಪ್ಪಲಿಗಳ ರಾಶಿ. ಧೂಳು ತಾಗಿದರೆ ಅದು ಕೆಡುತ್ತದೆಂದು ಎಲ್ಲರನ್ನೂ ಬರಿಗಾಲಿನಲ್ಲಿ ಬಿಡುತ್ತಿದ್ದರು. ಕಿಟಕಿಗೆ ಪರದೆ, ಮೂಲೆಗೊಂದು ಫ್ಯಾನು, ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ನಮ್ಮ ಮುಂದಿದ್ದ ಅಜ್ಜನೊಬ್ಬರು ಬಾಗಿಲಲ್ಲಿ ನಿಂತು, "ಅಂಗಿನೂ ಬಿಚ್ಬೇಕಾ?" ಎಂದು ಭಕ್ತಿಯಿಂದಲೇ ಕೇಳಿದರು.

ಒಳಗೆ ಮೇಜಿನ ಮೇಲೆ ಸಣ್ಣದೊಂದು ಟೀವಿ, ಅದರ ಮುಂದೆ ಗುಂಡಿಗಳ ಹಲಗೆ. ಪ್ರಕಾಶ್ ಎಂಬ ತರುಣ ಮೇಷ್ಟ್ರು ಅದನ್ನು ತೋರಿಸುತ್ತಿದ್ದರು. ಬೆಂಗಳೂರಿನ ಕಡೆಯವರು, ಎಂಜಿನಿಯರಿಂಗ್ ಓದಿದವರು. ಯಾರೇ ಆಗಲಿ ಹೆಸರು ಹೇಳಿದರೆ ಸಾಕು, ಅದನ್ನು ಒತ್ತುತ್ತಿದ್ದರು. ಕಣ್ಣು ಮಿಟುಕಿಸುವುದರೊಳಗೆ ಟೀವಿಯ ತುಂಬ ಆ ಹೆಸರು ಹಸಿರು ಅಕ್ಷರಗಳಲ್ಲಿ ಮೇಲಿಂದ ಕೆಳಕ್ಕೆ ಹರಿಯುತ್ತಿತ್ತು. ಅಂಗಿ ಬಿಚ್ಚಬೇಕೇ ಎಂದ ಅಜ್ಜನ ಹೆಸರು ಹಾಗೆ ಹರಿದಾಗ ಅವರು ಕೈಮುಗಿದರು. ನಾನೂ ಮುಗಿಯುವವನಿದ್ದೆ, ಟೀಚರಿಗೆ ಹೆದರಿ ಸುಮ್ಮನಾದೆ. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನ್ನ ಕುರ್ಚಿ ಹೋದರೂ ಹೋಗಲಿ, ಇಂಥದೊಂದನ್ನು ಮಾಡಿದ ಮನುಷ್ಯರಿದ್ದಾರಲ್ಲ ಎನಿಸಿತು.

ಆದರೆ ಕ್ಯೂ ಮಾತ್ರ ಸರಿಯುತ್ತಿರಲಿಲ್ಲ. ಯಂತ್ರ ಮಿಂಚಿನ ವೇಗದ್ದು, ಮೇಷ್ಟ್ರು ಹಾಗಿರಲಿಲ್ಲ. ಒಂದೇ ಬೆರಳನ್ನು ಮುಂದೆ ಚಾಚಿ, ಗದ್ದೆಯಂಚಿನಲ್ಲಿ ಮೀನಿಗೆ ಕಾಯುವ ಕೊಕ್ಕರೆಯ ಹಾಗೆ ಹಲಗೆಯ ಮೇಲೆ ನಿಶ್ಚಲವಾಗಿ ನಿಲ್ಲುತ್ತಿದ್ದರು, ಅಕ್ಷರ ಕಂಡ ಕೂಡಲೇ ಕುಕ್ಕುತ್ತಿದ್ದರು, ಮತ್ತೆ ಧ್ಯಾನ. ವೀರಭದ್ರಪ್ಪ ಎಂಬವರ ಸರದಿ ಬಂದಾಗ ಹೆಸರು ಮುಗಿಯುವ ಮೊದಲೇ ಕರೆಂಟು ಹೋದೀತೆಂದು ನಮಗೆಲ್ಲ ಆತಂಕವಾಯಿತು.

ಟೀಚರು ಕತ್ತು ಚಾಚಿ ಹಲಗೆಯನ್ನೇ ನೋಡುತ್ತಿದ್ದರು. ತಟ್ಟನೆ ನನ್ನ ತೋಳು ಹಿಡಿದರು.

"ಹೂವಪ್ಪ, ನೋಡಾ ಅಲ್ಲಿ! ಎ, ಎಸ್, ಡಿ, ಎಫ್... ನಮ್ಮದೇ ಸಾಲು!"

ನೋಡಿದೆ. ಹೌದು. ಕರಿ ಬಟ್ಟೆಯ ಕೆಳಗೆ ನನ್ನ ಬೆರಳುಗಳು ತಿಂಗಳುಗಟ್ಟಲೆ ತಡವಿ ತಡವಿ ಕಲಿತ ಆ ಊರು, ಅದೇ ಬೀದಿ, ಅದೇ ಮನೆಗಳು, ಒಂದೂ ಆಚೀಚೆಯಾಗದೆ ಅಲ್ಲಿ ಕೂತಿತ್ತು.

ಅಷ್ಟರಲ್ಲಿ ಟೀಚರು ಮೇಜಿನ ಹತ್ತಿರ ಹೋಗಿಯಾಗಿತ್ತು. "ಮೇಷ್ಟ್ರೇ, ತಪ್ಪು ತಿಳ್ಕಬೇಡಿ, ನಂಗೆ ನೋಡಕ್ಕಾಗ್ತಿಲ್ಲ. ಒಂಬತ್ತು ಬೆರಳನ್ನ ಎಂತಕ್ಕೆ ಸುಮ್ನೆ ಕೂರಿಸಿದೀರಿ? ಏಳಿ ಸ್ವಲ್ಪ." ಮೇಷ್ಟ್ರು ಎದ್ದರು. ಟೀಚರು ಕೂತು, ಸೆರಗು ಸಿಕ್ಕಿಸಿ, ಕಣ್ಣನ್ನು ಎದುರಿನ ಗೋಡೆಗೆ ನೆಟ್ಟು ತಮ್ಮ ಹೆಸರು, ಊರು, ತಾಲ್ಲೂಕು, ಜಿಲ್ಲೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೊಡೆದರು. ಮಳೆಹನಿ ತಗಡಿನ ಮೇಲೆ ಬಿದ್ದಂತೆ ಸದ್ದಾಯಿತು. ಅವರಿಗೆ ಆಶ್ಚರ್ಯವಾದದ್ದು ಒಂದೇ ವಿಷಯಕ್ಕೆ. ನಮ್ಮ ಹಳೆಯ ಮಿಷನ್ನುಗಳಲ್ಲಿ ಒಂದು ಎಂಬ ಅಂಕಿಗೆ ಕೀ ಇರಲಿಲ್ಲ, ಸಣ್ಣ 'ಎಲ್' ಹೊಡೆದು ಒಂದೆಂದು ತಿಳಿಯುವುದು ರೂಢಿ. "ಒಂದಕ್ಕೂ ಬೇರೆ ಗುಂಡಿ ಕೊಟ್ಟಿದಾರಲ್ಲ! ಎಂತಾ ಐಶ್ವರ್ಯ!" ಎಂದರು.

ಮುಂದಿನ ಸರದಿ ನನ್ನದು. ನನ್ನ ಕೈಗೆ ಗೊತ್ತಿದ್ದದ್ದು ಜೋರಾಗಿ ಗುದ್ದುವ ಯಂತ್ರ. ಸಾಲು ಮುಗಿದೊಡನೆ ಅಭ್ಯಾಸಬಲದಿಂದ ಎಡಗೈ ಮೇಲೆದ್ದು, ಸಾಲು ಹೊರಳಿಸುವ ಲಿವರನ್ನು ಹುಡುಕುತ್ತಾ ಹೋಗಿ ಟೀವಿಯ ಕಪಾಳಕ್ಕೆ ಬಾರಿಸಿತು. ಜನ ನಕ್ಕರು. ಆ ಗಾಬರಿಯಲ್ಲಿ ನನ್ನ ಹೆಸರನ್ನೇ ತಪ್ಪು ಹೊಡೆದೆ. ಆಫೀಸಿನಲ್ಲಿ ಒಂದಕ್ಷರ ತಪ್ಪಿದರೆ ಏನಾಗುತ್ತದೆಂದು ಕಂಡಿದ್ದೆ: ಮೂರು ಕಾರ್ಬನ್ ಪ್ರತಿಗಳ ನಡುವೆ ಚೀಟಿ ತೂರಿಸಿ, ಒಂದೊಂದನ್ನೂ ರಬ್ಬರಿನಿಂದ ಉಜ್ಜಿ, ಕೊನೆಗೆ ಕಾಗದ ತೂತಾಗಿ, ಸಾಹೇಬರು ಆ ತೂತಿನಿಂದ ಟೈಪಿಸ್ಟರನ್ನು ಇಣುಕಿ ನೋಡುವುದು.

"ಏನೂ ಆಗಿಲ್ಲ, ಇದನ್ನು ಒತ್ತಿ" ಎಂದು ಪ್ರಕಾಶ್ ಮೇಷ್ಟ್ರು ಮೂಲೆಯ ಒಂದು ಗುಂಡಿ ತೋರಿಸಿದರು. ಒತ್ತಿದೆ. ಅಕ್ಷರ ಹೋಯಿತು. ಗೀರಿಲ್ಲ, ಮಸಿಯಿಲ್ಲ, ಅಲ್ಲೊಂದು ತಪ್ಪಿತ್ತೆಂಬ ಗುರುತೇ ಇಲ್ಲ. ಬೇಕೆಂದೇ ಇನ್ನೊಂದು ತಪ್ಪು ಹೊಡೆದು ಅಳಿಸಿದೆ. ಮತ್ತೊಂದು. ನೂರು ಗುಮಾಸ್ತರ ಕೆಲಸವನ್ನು ಅದು ಮಾಡುತ್ತದೋ ಇಲ್ಲವೋ, ನನ್ನನ್ನು ಗೆದ್ದದ್ದು ಈ ಕ್ಷಮಾಗುಣ. ನನ್ನ ಇಡೀ ವಿದ್ಯಾಭ್ಯಾಸವೇ ತಡವಾಗಿ ಒತ್ತಿದ ಒಂದು ಗುಂಡಿಯಲ್ಲವೇ? ಆದರೆ ನಾನು ಅಳಿಸಿದ್ದೆಲ್ಲ ರಬ್ಬರಿನಿಂದ, ತೂತುಗಳು ಉಳಿದಿವೆ.

ಟೀಚರಿಗೆ ಇದು ಹಿಡಿಸಲಿಲ್ಲ. "ಇಷ್ಟು ಸಲೀಸಾಗಿ ಅಳಿಸಂಗಿದ್ರೆ ಸರಿಯಾಗಿ ಹೊಡೆಯೋರು ಯಾರು?"

ಮೇಷ್ಟ್ರಿಗೆ ಅದರ ಚಿಂತೆಯಿರಲಿಲ್ಲ. ಅವರು ಟೀಚರ ಬೆರಳುಗಳನ್ನೇ ನೋಡುತ್ತಿದ್ದರು. "ಅಮ್ಮಾ, ಪಾಠಕ್ಕೆ ಬೇಕಾದ್ದನ್ನ ಒತ್ತೋದ್ರಲ್ಲೇ ನನ್ನ ದಿನ ಮುಗಿದುಹೋಗುತ್ತೆ. ಇದನ್ನ ಕಲಿಯೋಕೆ ಎಷ್ಟು ಕಾಲ ಬೇಕು?"

"ಹೊಸನಗರಕ್ಕೆ ಬರೋದಾದ್ರೆ ಶನಿವಾರ ಸಂಜೆ ಬ್ಯಾಚಲ್ಲಿ ಒಂದು ಮಿಷನ್ ಖಾಲಿ ಇದೆ" ಎಂದರು ಟೀಚರು. ಖಾಲಿ ಇದ್ದದ್ದು ಮೂರು, ಒಂದೆಂದರು.

ಬಸ್ಸಿನಲ್ಲಿ ಹಿಂದಿರುಗುವಾಗ ಅವರು ಕೇಳಿದ್ದು ಇಷ್ಟೇ: "ನಾಳೆ ಬೆಳಿಗ್ಗೆ?"

"ಬರ್ತೀನಿ ಟೀಚರೇ."

ಪ್ರಕಾಶ್ ಮೇಷ್ಟ್ರು ನಿಜಕ್ಕೂ ಬಂದರು. ಮೊದಲ ಶನಿವಾರ ಮೆಟ್ಟಿಲು ಹತ್ತುವಾಗ "ಬನ್ನಿ, ಕೂತ್ಕಳಿ" ಎಂದ ಟೀಚರು, ಬೆರಳು ಕೀ ಮೇಲೆ ಇಟ್ಟೊಡನೆ "ಕೆಳಗೆ ನೋಡ್ಬೇಡ ಅಂದೆ ಅಲ್ದಾ!" ಎಂದು ಏಕವಚನಕ್ಕೆ ಇಳಿದರು. ಅಡಿಪಟ್ಟಿಯೂ ಇಳಿಯಿತು. ಕಂಪ್ಯೂಟರಿನ ಒಡೆಯರೇ ಏಟು ತಿನ್ನಲು ಸಾಗರದಿಂದ ಬರುತ್ತಾರೆಂಬ ಸುದ್ದಿ ಹಬ್ಬಿ, ಬಿಟ್ಟು ಹೋಗಿದ್ದ ಮೂವರೂ ತಿರುಗಿ ಬಂದರು. ಬುದ್ಧಿ ಮೇಷ್ಟ್ರದು ನನಗಿಂತ ಎಷ್ಟೋ ಚುರುಕು. ಉಳಿದ ದಿನ ತಮ್ಮ ಕಂಪ್ಯೂಟರಿನಲ್ಲೇ ಅಭ್ಯಾಸ ಮಾಡಿ, ನಾನು ತಿಂಗಳಲ್ಲಿ ಕಲಿತದ್ದನ್ನು ವಾರದಲ್ಲಿ ಕಲಿತರು. ಟೀಚರು ಪರೀಕ್ಷೆಗೆ ನಮ್ಮಿಬ್ಬರ ಹೆಸರನ್ನೂ ಕಟ್ಟಿದರು.

ಪರೀಕ್ಷೆಗೆ ಮಿಷನ್ನನ್ನು ನಾವೇ ಹೊತ್ತೊಯ್ಯಬೇಕು. ಸಾಗರದ ಬಸ್ಸಿನಲ್ಲಿ ನನ್ನದು ತೊಡೆಯ ಮೇಲೆ, ಅಲ್ಲೇ ಕಾಯುತ್ತಿದ್ದ ಮೇಷ್ಟ್ರಿಗೆ ಒಯ್ಯುತ್ತಿದ್ದದ್ದು ಪಕ್ಕದ ಸೀಟಿನಲ್ಲಿ. "ಸೀಟಲ್ಲಿ ಕೂತದಲ್ಲ, ಅದಕ್ಕೂ ಒಂದು ಟಿಕೆಟ್ ತಗಳಿ" ಎಂದ ಕಂಡಕ್ಟರ್.

ಎರಡು ತಿಂಗಳ ಮೇಲೆ ಫಲಿತಾಂಶ ಬಂತು. ನಾನು ಪಾಸು. ವೇಗ ಕಷ್ಟಪಟ್ಟು ಮುಟ್ಟಿದಷ್ಟೇ, ತಪ್ಪುಗಳು ಬೆರಳೆಣಿಕೆಯಷ್ಟು. ಪ್ರಕಾಶ್ ಮೇಷ್ಟ್ರು ಫೇಲು. ನಡೆದದ್ದನ್ನು ಅವರೇ ಹೇಳಿದರು: ಒಂದಕ್ಷರ ತಪ್ಪಿದೊಡನೆ ಕೈ ತಾನಾಗಿ ಮೂಲೆಯ ಗುಂಡಿಗೆ ಹೋಯಿತು. ಟೈಪ್‌ರೈಟರಿನಲ್ಲೂ ಅಲ್ಲೊಂದು ಗುಂಡಿಯಿದೆ. ಆದರೆ ಅದು ಒಂದು ಹೆಜ್ಜೆ ಹಿಂದಕ್ಕೆ ಕರೆದೊಯ್ಯುತ್ತದೆಯೇ ಹೊರತು ಏನನ್ನೂ ಅಳಿಸುವುದಿಲ್ಲ. ಅವರು ಹಿಂದೆ ಹೋಗಿ ಸರಿ ಹೊಡೆದರು, ತಪ್ಪಿನ ಮೇಲೆಯೇ. ಹಾಳೆಯ ತುಂಬ ಒಂದರ ಬೆನ್ನೇರಿದ ಇನ್ನೊಂದು ಅಕ್ಷರ.

ಹುಟ್ಟಿದಾರಭ್ಯ ಅವರು ಯಾವ ಪರೀಕ್ಷೆಯಲ್ಲೂ ಫೇಲಾದವರಲ್ಲ. ಮಹಡಿಯ ಮೆಟ್ಟಿಲ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ಈ ಒಂದು ವಿಷಯದಲ್ಲಿ ಮಾತ್ರ ನನಗೆ ಅವರಿಗಿಂತ ಹೆಚ್ಚು ಅನುಭವವಿತ್ತು. ಕಾಫಿಗೆ ಕರೆದುಕೊಂಡು ಹೋದೆ. "ಮೊದಲ್ನೇ ಸಲ ಹಿಂಗೇ ಅನ್ನಿಸ್ತದೆ ಸಾರ್. ಗಣಿತದಲ್ಲಿ ಎರಡ್ನೇ ಸಲ ಹೋದಾಗ ನಾನು ಊಟ ಬಿಡ್ಲಿಲ್ಲ" ಎಂದೆ. ಅವರು ನಕ್ಕರು. ಮಸಾಲೆ ದೋಸೆಗೂ ಹೇಳಿದರು.

ಮುಂದಿನ ಪರೀಕ್ಷೆಗೆ ಅವರ ಅರ್ಜಿಯನ್ನು ನಾನೇ ಹೊಡೆದುಕೊಟ್ಟೆ, ಆಫೀಸಿನಲ್ಲಿ, ಸಾಹೇಬರು ಆಗಷ್ಟೇ ನನಗೆ ಕೊಟ್ಟಿದ್ದ ಕುರ್ಚಿಯಲ್ಲಿ ಕೂತು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಹೊಸ ಕುರ್ಚಿಯ ಗತ್ತಿನಲ್ಲಿ ಕಣ್ಣನ್ನು ಗೋಡೆಗೆ ನೆಟ್ಟೇ ಹೊಡೆದೆ. ಎಲ್ಲ ಸರಿಯಾಯಿತು, ಅವರ ಹೆಸರಿನಲ್ಲಿ ಒಂದಕ್ಷರ ಹಿಂದುಮುಂದಾಯಿತು. ನಾಚಿ ರಬ್ಬರಿಗೆ ಕೈಹಾಕಿದೆ. ಪ್ರಕಾಶ್ ಮೇಷ್ಟ್ರು ನನ್ನ ಕೈ ಹಿಡಿದರು.

"ಇರ್ಲಿ ಬಿಡಿ ಹೂವಪ್ಪ. ಉಜ್ಜಿದ್ರೆ ತೂತಾಗುತ್ತೆ" ಎಂದು ಜೇಬಿನಿಂದ ಪೆನ್ನು ತೆಗೆದರು, ತಪ್ಪಾದ ಹೆಸರಿಗೆ ಒಂದು ಗೆರೆ ಎಳೆದು, ಅದು ಕಾಣುವ ಹಾಗೆಯೇ ಬಿಟ್ಟು, ಮೇಲೆ ದುಂಡಗೆ ಸರಿ ಹೆಸರು ಬರೆದು ಸಹಿ ಹಾಕಿದರು.