ಗುರುಗಳು ಕರೆದ ಹೆಸರು

ಇವತ್ತು ಪಕ್ಕದ ಮನೆಯಿಂದ ಹರಳೆಣ್ಣೆ ಕಾಯಿಸುವ ವಾಸನೆ ಬಂತು. ಕುರುಗೋಡಿನ ಗುರುಗಳ ಪಡಸಾಲೆ ಕಣ್ಣಮುಂದೆ ನಿಂತಿತು.

ಬಳ್ಳಾರಿಗೆ ರೈಲು ಹೊಸದಾಗಿ ಬಂದಿದ್ದ ಕಾಲ. ನಾಟ್ಯ ಕಲಿಯಲೆಂದು ಅವ್ವ ನನ್ನನ್ನು ಸಿರುಗುಪ್ಪದಿಂದ ಬಂಡಿಯಲ್ಲಿ ಕರೆತಂದು ಅಲ್ಲಿ ಬಿಟ್ಟಿದ್ದಳು. ಗುರುಗಳ ಒಬ್ಬಳೇ ಮಗಳು ನೀಲಾ ಹಿಂದಿನ ಬೇಸಿಗೆಯಲ್ಲಿ ವಾಂತಿಭೇದಿಯಿಂದ ತೀರಿಕೊಂಡಿದ್ದಳು. ಗುರುಗಳ ಹೆಂಡತಿ ದಿನಾ ನನ್ನ ಕಾಲಿಗೆ ಕಾಯಿಸಿದ ಹರಳೆಣ್ಣೆ ತಿಕ್ಕಿ, ಮಗಳ ಗೆಜ್ಜೆಯನ್ನೇ ಕಟ್ಟುತ್ತಿದ್ದರು.

ಗುರುಗಳ ಅಜ್ಜ ಕಟ್ಟಿದ ಶಿವನ ಪದವೊಂದಿತ್ತು. ಅದರ ನೃತ್ಯವನ್ನು ಮನೆಯ ಮಕ್ಕಳಿಗೆ ಮಾತ್ರ ಕಲಿಸುತ್ತಿದ್ದರು.

ಒಂದು ಮಧ್ಯಾಹ್ನ ಕೋಲಿನಿಂದ ತಾಳ ತಟ್ಟುತ್ತಿದ್ದ ಗುರುಗಳು ಕಣ್ಣು ಮುಚ್ಚಿಕೊಂಡೇ, "ನೀಲಾ, ಅಜ್ಜನ ಪದಕ್ಕ ನಿಂದ್ರವ್ವ," ಎಂದರು.

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಅವರ ಹೆಂಡತಿ ಬಾಗಿಲಿಗೆ ಬಂದು, ಓಗೊಡು ಎಂಬಂತೆ ನನಗೆ ಕೈಮುಗಿದರು.

"ಆತು, ಅಪ್ಪಾ," ಎಂದೆ.

ಗುರುಗಳು ಆ ನೃತ್ಯವನ್ನು ಪೂರ್ತಿ ಕಲಿಸಿದರು. ನನ್ನ ಹೆಸರು ಹಿಡಿದು ಮಾತ್ರ ಮತ್ತೆಂದೂ ಕರೆಯಲಿಲ್ಲ; ನೀಲಾ ಎಂದೇ ಕರೆದರು.

ಈಗ ಆ ನೃತ್ಯ ಬಲ್ಲವಳು ನಾನೊಬ್ಬಳೇ. "ಅಜ್ಜಿ, ನನಗೂ ಕಲಿಸಬೇ," ಎಂದು ಮೊಮ್ಮಗಳು ಗೋಗರೆಯುತ್ತಾಳೆ. ಕಲಿಸಿದರೆ ನನ್ನಂತೆ ಈ ಕೂಸನ್ನೂ ಆ ಸತ್ತ ಹುಡುಗಿಗೆ ಒಪ್ಪಿಸಿದಂತಾದೀತೆಂದು ನನಗೆ ಭಯ. ಇಲ್ಲವೆನ್ನುತ್ತಲೇ ಬಂದಿದ್ದೇನೆ. ಇವತ್ತೂ ಹಾಗೇ ಅಂದೆ.